ಒಂದೇ ಮೈಯಲ್ಲಿ ಹಲವು 'ನಾನು': ಗುರುತಿಸುವುದು ಹೇಗೆ, ಮುಂದೇನು?

ಬೀರು ತೆಗೆದರೆ ನೀವು ಎಂದೂ ಉಡದ ಬಣ್ಣದ ಸೀರೆ. ಅಂಗಡಿಯ ಬಿಲ್ಲಿನಲ್ಲಿ ನಿಮ್ಮ ಹೆಸರಿದೆ, ದುಡ್ಡು ನಿಮ್ಮ ಖಾತೆಯಿಂದಲೇ ಹೋಗಿದೆ. ಕೊಂಡ ನೆನಪು ಮಾತ್ರ ಎಷ್ಟು ತಡಕಿದರೂ ಸಿಗುವುದಿಲ್ಲ. "ಮೊನ್ನೆ ಅಷ್ಟು ಖುಷಿಯಾಗಿ ತೋರಿಸಿದೆಯಲ್ಲೇ" ಎಂದು ಅಕ್ಕ ನೆನಪಿಸುತ್ತಾಳೆ. ನೀವು ನಕ್ಕು "ಹೌದೌದು" ಎಂದು ಮಾತು ತೇಲಿಸುತ್ತೀರಿ. ಇಂಥ ಹೌದೌದುಗಳನ್ನು ವರ್ಷಗಟ್ಟಲೆ ಹೇಳಿಕೊಂಡು ಬಂದವರಿಗಾಗಿ ಮತ್ತು ಅವರ ಜೊತೆ ಬಾಳುತ್ತಿರುವವರಿಗಾಗಿ ಈ ಲೇಖನ.

ಕೊಂಡ ನೆನಪಿಲ್ಲದ ಬಟ್ಟೆಯಿಂದಲೇ ಮನೆಯಲ್ಲಿ ಜಗಳವಾದ ಒಬ್ಬ ಹೆಣ್ಣುಮಗಳ ಕತೆ ಜಗತ್ತಿಗೆಲ್ಲ ಗೊತ್ತು. ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ ಹುಟ್ಟಿದ ಕ್ರಿಸ್ ಕಾಸ್ಟ್ನರ್ ಸೈಜ್‌ಮೋರ್ 1950ರ ದಶಕದ ಮೊದಲ ವರ್ಷಗಳಲ್ಲಿ ಮನೋವೈದ್ಯ ಕಾರ್ಬೆಟ್ ಥಿಗ್ಪೆನ್ ಅವರ ಬಳಿಗೆ ಹೋದದ್ದು ತೀವ್ರ ತಲೆನೋವು ಮತ್ತು ನಡುನಡುವೆ ನೆನಪು ತಪ್ಪುತ್ತದೆ ಎಂಬ ದೂರಿನೊಂದಿಗೆ. ಕೆಲವು ಕಾಲದ ಮೇಲೆ ವೈದ್ಯರಿಗೆ ಅವರಿಂದ ಒಂದು ಪತ್ರ ಬಂತು. ಅದರ ಕೊನೆಯ ಸಾಲುಗಳ ಅಕ್ಷರ ಬೇರೆಯಾಗಿತ್ತು, ಮಗು ಗೀಚಿದಂತಿತ್ತು. ಆಮೇಲೆ ಒಂದು ದಿನ ವೈದ್ಯರ ಎದುರಿಗೇ ಅವರ ಕೂರುವ ಭಂಗಿ, ದನಿ, ಮಾತಿನ ಧಾಟಿ ಎಲ್ಲ ಬದಲಾಗಿ, ಸಂಕೋಚದ ಗೃಹಿಣಿಯ ಜಾಗದಲ್ಲಿ ದಿಟ್ಟ ಹೆಣ್ಣೊಬ್ಬಳು ಕೂತಿದ್ದಳು. ಥಿಗ್ಪೆನ್ ಮತ್ತು ಅವರ ಸಹೋದ್ಯೋಗಿ ಹರ್ವಿ ಕ್ಲೆಕ್ಲಿ ಮೊದಲನೆಯವಳನ್ನು ಈವ್ ವೈಟ್ ಎಂದೂ ಎರಡನೆಯವಳನ್ನು ಈವ್ ಬ್ಲ್ಯಾಕ್ ಎಂದೂ ಕರೆದು 1954ರಲ್ಲಿ ಪ್ರಬಂಧ ಬರೆದರು. ವೈಟ್‌ಗೆ ಬ್ಲ್ಯಾಕ್ ಎಂಬವಳು ಇದ್ದಾಳೆಂಬುದೇ ಗೊತ್ತಿರಲಿಲ್ಲ. ಬ್ಲ್ಯಾಕ್‌ಗೆ ಮಾತ್ರ ವೈಟ್‌ಳ ಬದುಕೆಲ್ಲ ಗೊತ್ತಿತ್ತು, ಬಟ್ಟೆ ಕೊಂಡವಳೂ ಅವಳೇ.

1957ರಲ್ಲಿ ಇದೇ ಕತೆ ಪುಸ್ತಕವಾಯಿತು, ಸಿನಿಮಾ ಆಯಿತು, ಈವ್ ಪಾತ್ರ ಮಾಡಿದ ಜೋನ್ ವುಡ್‌ವರ್ಡ್‌ಗೆ ಮರುವರ್ಷ ಆಸ್ಕರ್ ಬಂತು. ಮೂರನೆಯದಾಗಿ ಜೇನ್ ಎಂಬ ಸಮಚಿತ್ತದ ವ್ಯಕ್ತಿತ್ವ ಮೂಡಿ ಎಲ್ಲ ಸರಿಹೋಯಿತು ಎಂಬುದು ವೈದ್ಯರ ಕತೆ. ಸೈಜ್‌ಮೋರ್ ಅವರೇ ತಮ್ಮ ಹೆಸರನ್ನು ಬಹಿರಂಗಪಡಿಸಿ 1977ರಲ್ಲಿ ಪುಸ್ತಕ ಬರೆದಾಗ ಬೇರೆಯದೇ ಚಿತ್ರ ಹೊರಬಂತು. ಒಳಗಿದ್ದವರು ಮೂವರಲ್ಲ, ಇಪ್ಪತ್ತಕ್ಕೂ ಹೆಚ್ಚು. ಸಿನಿಮಾ ಮುಗಿದ ಮೇಲೂ ಸುಮಾರು ಎರಡು ದಶಕ ಅವರ ಹೋರಾಟ ನಡೆದೇ ಇತ್ತು. ಬೇರೆ ವೈದ್ಯರ ನೆರವಿನಿಂದ 1970ರ ದಶಕದ ನಡುವಿನಲ್ಲಿ ಅವರು ಒಬ್ಬರಾದರು, ಮಾನಸಿಕ ಆರೋಗ್ಯದ ಬಗ್ಗೆ ಊರೂರು ತಿರುಗಿ ಮಾತಾಡಿದರು, 2016ರಲ್ಲಿ 89ನೇ ವಯಸ್ಸಿಗೆ ತೀರಿಕೊಂಡರು. ಅವರು ಮೊದಲಿಗೆ ವೈದ್ಯರ ಬಳಿ ಹೋದದ್ದು "ನನ್ನೊಳಗೆ ಹಲವರಿದ್ದಾರೆ" ಎಂದು ಹೇಳಲಿಕ್ಕಲ್ಲ. ಆ ಮಾತು ಅವರಿಗೇ ಗೊತ್ತಿರಲಿಲ್ಲ. ಗುರುತಿಸುವ ಕೆಲಸ ಕಷ್ಟವಾಗುವುದು ಇಲ್ಲಿಯೇ.

ಎಲ್ಲರಿಗೂ ಇರುವುದು, ಕೆಲವರಿಗೆ ಮಾತ್ರ ಇರುವುದು

ಆಫೀಸಿನಲ್ಲಿ ಬಿಗಿ, ಗೆಳೆಯರ ನಡುವೆ ತುಂಟತನ, ಅಮ್ಮನ ಮುಂದೆ ಮಗುವಿನ ಹಟ: ಇವು ಒಬ್ಬರದೇ ಹಲವು ಮುಖಗಳು. ಒಂದು ಮುಖ ಹೊತ್ತಾಗ ಆಡಿದ ಮಾತು ಇನ್ನೊಂದು ಮುಖಕ್ಕೆ ನೆನಪಿರುತ್ತದೆ. ಬಸ್ಸಿನಲ್ಲಿ ಯೋಚನೆಗೆ ಬಿದ್ದು ಇಳಿಯುವ ಸ್ಟಾಪು ದಾಟಿಹೋದರೂ ಗಾಬರಿಪಡಬೇಕಿಲ್ಲ. ನಡೆಯುತ್ತಿರುವುದರಿಂದ ಮನಸ್ಸು ಹೀಗೆ ಕಳಚಿಕೊಳ್ಳುವುದನ್ನು ವೈದ್ಯರು ಡಿಸೋಸಿಯೇಷನ್ ಎನ್ನುತ್ತಾರೆ. ಫ್ರಾನ್ಸಿನ ಪಿಯರ್ ಜಾನೆ 1889ರಷ್ಟು ಹಿಂದೆಯೇ ಇದರ ಬಗ್ಗೆ ಗ್ರಂಥ ಬರೆದಿದ್ದರು.

ಈ ಕಳಚಿಕೊಳ್ಳುವಿಕೆ ಆಳಕ್ಕಿಳಿದಾಗ ನೆನಪು, ಭಾವನೆ, 'ಇದು ನಾನು' ಎಂಬ ಅರಿವು ಎಲ್ಲವೂ ಬೇರೆ ಬೇರೆ ಗುಂಪುಗಳಾಗಿ ನಿಂತುಬಿಡುತ್ತವೆ. ಒಂದೊಂದು ಗುಂಪಿಗೂ ತನ್ನದೇ ಸ್ವಭಾವ, ತನ್ನದೇ ವಯಸ್ಸು, ಕೆಲವೊಮ್ಮೆ ತನ್ನದೇ ಹೆಸರು, ಬೇರೆ ಲಿಂಗ ಕೂಡ. ಅವು ಸರದಿಯ ಮೇಲೆ ಮೈಯ ಹಿಡಿತ ತೆಗೆದುಕೊಳ್ಳುತ್ತವೆ. ಅಮೆರಿಕದ ಮನೋವೈದ್ಯರ ಕೈಪಿಡಿ 1980ರಲ್ಲಿ ಇದನ್ನು ಬಹುವ್ಯಕ್ತಿತ್ವದ ಕಾಯಿಲೆ ಎಂದು ಪಟ್ಟಿಗೆ ಸೇರಿಸಿ, 1994ರಲ್ಲಿ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂದು ಹೆಸರು ಬದಲಿಸಿತು. ಚಿಕ್ಕದಾಗಿ ಡಿಐಡಿ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ಡಿಐಡಿಯ ಜೊತೆಗೆ 'ಭಾಗಶಃ' ಎಂಬ ಇನ್ನೊಂದು ಬಗೆಯೂ ಇದೆ. ಇದರಲ್ಲಿ ದಿನದ ಬಾಳನ್ನು ಬಹುಮಟ್ಟಿಗೆ ಒಬ್ಬರೇ ನಡೆಸುತ್ತಾರೆ, ಉಳಿದವರು ಪೂರ್ತಿ ಹೊರಬರದೆ ಒಳಗಿನಿಂದಲೇ ಮಾತು, ಭಯ, ಸಿಟ್ಟು, ನೆನಪಿನ ಚೂರುಗಳಾಗಿ ನುಗ್ಗುತ್ತಿರುತ್ತಾರೆ. ಓದುಗರು ಮೊದಲು ತಿಳಿಯಬೇಕಾದದ್ದು ಈ ಎರಡನೆಯದನ್ನು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಿನಿಮಾ ಕಲಿಸಿದ ಹಾಗೆ ಕಣ್ಣು ಕೆಂಪಾಗಿ ದನಿ ಬದಲಾಗುವುದನ್ನೇ ಹುಡುಕುತ್ತ ಕೂತರೆ ನಿಜವಾದ ಸುಳಿವುಗಳೆಲ್ಲ ಕೈತಪ್ಪುತ್ತವೆ. ಎಲ್ಲರಿಗೂ ಕಾಣುವಂತೆ ವ್ಯಕ್ತಿತ್ವ ಬದಲಾಗುವವರು ಡಿಐಡಿ ಇರುವವರಲ್ಲಿ ನೂರಕ್ಕೆ ಐದಾರು ಮಂದಿ ಮಾತ್ರ ಎಂದು ಇದೇ ಕ್ಷೇತ್ರದಲ್ಲಿ ದಶಕಗಟ್ಟಲೆ ದುಡಿದ ರಿಚರ್ಡ್ ಕ್ಲಫ್ಟ್ ಬರೆದಿದ್ದಾರೆ. ಉಳಿದವರು ಬಚ್ಚಿಟ್ಟುಕೊಂಡೇ ಬದುಕುತ್ತಾರೆ. ಬಚ್ಚಿಡುವುದೇ ಇದರ ಸ್ವಭಾವ.

ಸುಳಿವುಗಳು ಎಲ್ಲಿರುತ್ತವೆ

ಕಾಲದಿಂದ ಶುರು ಮಾಡಿ. ಮಧ್ಯಾಹ್ನ ಮೂರು ಗಂಟೆಗೆ ಅಡುಗೆಮನೆಯಲ್ಲಿದ್ದವರು ಸಂಜೆ ಆರಕ್ಕೆ ಬಸ್‌ಸ್ಟ್ಯಾಂಡಿನಲ್ಲಿ 'ಎಚ್ಚರ'ವಾಗುವುದು, ನಡುವಿನದೆಲ್ಲ ಖಾಲಿ. ಬಾಲ್ಯದ ಎರಡು ಮೂರು ವರ್ಷಗಳು, ಮದುವೆಯ ದಿನ, ಹೆರಿಗೆ, ತಂದೆಯ ಸಾವು, ಇಂಥ ದೊಡ್ಡ ಘಟನೆಗಳೇ ಇಡಿಯಾಗಿ ನೆನಪಿನಲ್ಲಿ ಇಲ್ಲದಿರುವುದು. ಬೀಗದ ಕೈ ಇಟ್ಟ ಜಾಗ ಮರೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ನೆನಪೇ ಇಲ್ಲದಿದ್ದರೆ ತಪ್ಪಿಹೋಗಿದೆ ಎಂದು ಗೊತ್ತಾಗುವುದಾದರೂ ಹೇಗೆ? ಹಾಗಾಗಿ ಬಹಳ ಮಂದಿಗೆ ಇದು ತಿಳಿಯುವುದು ವಸ್ತುಗಳ ಮೂಲಕ, ಬೇರೆಯವರ ಬಾಯಿಂದ. ಫೋನಿನಲ್ಲಿ ನೀವು ಕಳಿಸಿದ, ಆದರೆ ಬರೆದ ನೆನಪಿಲ್ಲದ ಸಂದೇಶ. ನೋಟ್‌ಬುಕ್ಕಿನಲ್ಲಿ ಎಡಕ್ಕೆ ವಾಲಿದ, ನಿಮ್ಮದಲ್ಲದ ಅಕ್ಷರ. ಪೇಟೆಯಲ್ಲಿ ಯಾರೋ ಬಂದು ಆತ್ಮೀಯವಾಗಿ ಬೇರೆ ಹೆಸರಿನಿಂದ ಕರೆಯುವುದು. ಮೈಮೇಲೆ ಹೇಗಾಯಿತೆಂದು ತಿಳಿಯದ ಗಾಯ.

ಎರಡನೆಯದು ಒಳಗಿನ ಮಾತು. ತಲೆಯೊಳಗೆ ದನಿಗಳಿರುತ್ತವೆ. ಒಂದು ಸದಾ ಬೈಯುವುದು, ಒಂದು ಅಳುವ ಮಗು, ಒಂದು "ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ" ಎನ್ನುವುದು. ಅವು ತಮ್ಮತಮ್ಮಲ್ಲೇ ವಾದಿಸುವುದೂ ಉಂಟು. 'ದನಿ ಕೇಳುತ್ತದೆ' ಎಂದೊಡನೆ ಸ್ಕಿಜೋಫ್ರೀನಿಯಾ ಎಂಬ ತೀರ್ಮಾನಕ್ಕೆ ಬರುವುದು ಆಸ್ಪತ್ರೆಗಳಲ್ಲಿಯೂ ನಡೆಯುತ್ತದೆ. ಡಿಐಡಿಯಲ್ಲಿ ದನಿ ಸಾಮಾನ್ಯವಾಗಿ ತಲೆಯೊಳಗಿಂದ ಬರುತ್ತದೆ, ಚಿಕ್ಕಂದಿನಿಂದಲೇ ಇರುತ್ತದೆ, ಅದಕ್ಕೊಂದು ವಯಸ್ಸು, ಒಂದು ಸ್ವಭಾವ ಇರುತ್ತದೆ, ಕೇಳಿದರೆ ಉತ್ತರವನ್ನೂ ಕೊಡುತ್ತದೆ. ಅದನ್ನು ಬಿಟ್ಟರೆ ಆ ವ್ಯಕ್ತಿಯ ತರ್ಕ, ಸಂಸಾರದ ಲೆಕ್ಕ, ಎದುರಿನವರ ಜೊತೆಗಿನ ಸಂಬಂಧ ಕೆಟ್ಟಿರುವುದಿಲ್ಲ. ಇಷ್ಟರಿಂದಲೇ ಎರಡನ್ನೂ ಬೇರ್ಪಡಿಸಲು ಮನೆಯವರಿಗೆ ಆಗದು, ಆದರೆ ವೈದ್ಯರಿಗೆ ಹೇಳಲು ಇವು ಅಮೂಲ್ಯ ವಿವರಗಳು.

ಮೂರನೆಯದು, ತನ್ನದೇ ಮೈ ಮನಸ್ಸಿನಲ್ಲಿ ತನ್ನದಲ್ಲದ್ದು ನಡೆಯುವುದು. ಕಾರಣವಿಲ್ಲದೆ ಅಳು ಉಕ್ಕುತ್ತದೆ, ಆದರೆ ದುಃಖ 'ನನ್ನದಲ್ಲ' ಎನಿಸುತ್ತದೆ. ಬಾಯಿಂದ ಬೈಗುಳ ಬರುತ್ತಿದೆ, ನೀವು ಹಿಂದೆ ನಿಂತು ಕೇಳುತ್ತಿದ್ದೀರಿ. ಕನ್ನಡಿಯಲ್ಲಿ ಕಂಡ ಮುಖಕ್ಕೂ ಒಳಗೆ ಅನ್ನಿಸುವ ವಯಸ್ಸಿಗೂ ಹೊಂದುವುದಿಲ್ಲ. ನಿನ್ನೆ ಸರಾಗವಾಗಿ ಓಡಿಸಿದ ಸ್ಕೂಟರು ಇಂದು ಮುಟ್ಟಲೂ ಭಯ. ಮೊನ್ನೆ ಚಪ್ಪರಿಸಿ ತಿಂದ ಮೀನಿನ ಸಾರು ಇಂದು ವಾಕರಿಕೆ ತರುತ್ತದೆ. ಸುತ್ತ ಯಾರೂ ಇಲ್ಲದಾಗ ಯೋಚನೆ 'ನಾನು' ಬಿಟ್ಟು 'ನಾವು' ಎಂದು ಸಾಗುತ್ತದೆ. ಜಗತ್ತಿನಾದ್ಯಂತ ಹೀಗೆ ಬದುಕುವವರು ತಮ್ಮ ಇಡೀ ಕೂಟವನ್ನು ಸಿಸ್ಟಮ್ ಎನ್ನುತ್ತಾರೆ, ಒಳಗಿನ ಒಬ್ಬೊಬ್ಬರನ್ನು ಆಲ್ಟರ್, ಆ ಹೊತ್ತು ಮೈಯ ಹಿಡಿತ ಇರುವವರು ಫ್ರಂಟ್‌ನಲ್ಲಿದ್ದಾರೆ ಎನ್ನುತ್ತಾರೆ, ಬದಲಾಗುವುದನ್ನು ಸ್ವಿಚ್ ಎನ್ನುತ್ತಾರೆ. ನಮ್ಮಲ್ಲೂ ಇಂಗ್ಲಿಷ್ ಓದುವ ಹುಡುಗ ಹುಡುಗಿಯರು ಈ ಪದಗಳನ್ನೇ ಹಿಡಿದು ವೈದ್ಯರ ಬಳಿಗೆ ಬರಬಹುದು. ಪದ ಎಲ್ಲಿಂದ ಬಂದರೂ ಅದರ ಹಿಂದಿನ ಅನುಭವವನ್ನು ಕೇಳಿಸಿಕೊಳ್ಳಬೇಕು.

ಈ ಯಾವೊಂದೂ ತಾನೇ ತಾನಾಗಿ ರೋಗನಿರ್ಣಯವಲ್ಲ. ಮಿದುಳಿನ ಪಕ್ಕೆಯಲ್ಲಿ ಹುಟ್ಟುವ ಅಪಸ್ಮಾರದಲ್ಲಿ ವ್ಯಕ್ತಿ ಕಣ್ಣು ತೆರೆದೇ ಇದ್ದು ಏನೇನೋ ಮಾಡಿ ಮರೆಯಬಹುದು. ಕುಡಿತದಿಂದ, ನಿದ್ದೆ ಮಾತ್ರೆಗಳಿಂದ, ತಲೆಗೆ ಬಿದ್ದ ಪೆಟ್ಟಿನಿಂದಲೂ ನೆನಪಿನಲ್ಲಿ ಕಂದಕ ಬೀಳುತ್ತದೆ. ಬೈಪೋಲಾರ್ ಕಾಯಿಲೆಯಲ್ಲಿ ವಾರಗಟ್ಟಲೆ ಉತ್ಸಾಹ, ವಾರಗಟ್ಟಲೆ ಕುಸಿತ ಇರುತ್ತದೆ, ಆದರೆ ಇರುವವರು ಒಬ್ಬರೇ. ಆದ್ದರಿಂದ ಮೊದಲು ದೇಹದ ತಪಾಸಣೆ, ಬೇಕಿದ್ದರೆ ಮಿದುಳಿನ ಇಇಜಿ ಪರೀಕ್ಷೆ.

ಮೈಮೇಲೆ ಬರುವುದು ಇದೇನಾ?

ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ದಾಟಿಹೋಗಲು ಆಗುವುದಿಲ್ಲ. ಕರಾವಳಿಯ ಕೋಲದಲ್ಲಿ ದೈವ ಮೈದುಂಬುತ್ತದೆ, ಬಯಲುಸೀಮೆಯ ಜಾತ್ರೆಯಲ್ಲಿ ಅಮ್ಮ ಬರುತ್ತಾಳೆ, ಪಾತ್ರಿ ನುಡಿ ಕೊಡುತ್ತಾನೆ. ಅಲ್ಲಿ ಕರೆದಾಗ ಬರುವುದು, ಕಳಿಸಿದಾಗ ಹೋಗುವುದು ಎಂಬ ನಿಯಮವಿದೆ. ಮರುದಿನ ಆ ಮನುಷ್ಯ ತೋಟದ ಕೆಲಸಕ್ಕೆ ಹೋಗುತ್ತಾನೆ, ಊರು ಅವನನ್ನು ಗೌರವಿಸುತ್ತದೆ. ಒಂದು ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ ನಡೆಯುವುದನ್ನು ಕಾಯಿಲೆ ಎನ್ನಬಾರದು ಎಂದು ವೈದ್ಯರ ಕೈಪಿಡಿಗಳೇ ಸ್ಪಷ್ಟವಾಗಿ ಹೇಳುತ್ತವೆ. ಪಾತ್ರಿಯನ್ನು ಮನೋರೋಗಿ ಎನ್ನುವುದು ತಿಳಿಗೇಡಿತನ.

ಬೇರೆಯ ಸಂಗತಿ ಯಾವುದೆಂದರೆ, ಆಚರಣೆಯ ಹೊರಗೆ, ಬೇಡವೆಂದರೂ, ಮತ್ತೆ ಮತ್ತೆ, ನೋವು ಕೊಡುತ್ತ ಬರುವುದು. ಗಾಳಿ ಮೆಟ್ಟಿದೆ, ದೆವ್ವ ಹಿಡಿದಿದೆ ಎಂದು ಗಾಣಗಾಪುರಕ್ಕೋ ಇನ್ನಾವುದೋ ಕ್ಷೇತ್ರಕ್ಕೋ ಕರೆದೊಯ್ಯುವವರಲ್ಲಿ ಇಂಥವರೂ ಇರುತ್ತಾರೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮತ್ತು ಸಂಗಡಿಗರು ಮೈಮೇಲೆ ಬರುವುದರ ಬಗ್ಗೆ ದಶಕಗಳ ಹಿಂದೆಯೇ ಅಧ್ಯಯನ ಮಾಡಿದರು. ಬಾಯಿಬಿಟ್ಟು ಹೇಳಲಾಗದ ಸಂಕಟಕ್ಕೆ ಅದು ಬಾಯಾಗುವುದನ್ನು ಹಳ್ಳಿಯ ಸಂಸಾರಗಳನ್ನು ಬಲ್ಲ ಯಾರಾದರೂ ಗಮನಿಸಬಹುದು. ಸೊಸೆಯಾಗಿ ಎದುರು ಆಡಲಾಗದ ಮಾತನ್ನು ಚೌಡಿಯಾಗಿ ಆಡಬಹುದು, ಆಗ ಅತ್ತೆಯೂ ಕೈಮುಗಿಯುತ್ತಾಳೆ. 1981ರಲ್ಲಿ ವರ್ಮ, ಬೌರಿ ಮತ್ತು ವಿಗ್ ಎಂಬ ಮನೋವೈದ್ಯರು ಭಾರತದ ಈ ಆವೇಶವನ್ನೂ ಪಶ್ಚಿಮದ ಬಹುವ್ಯಕ್ತಿತ್ವವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು. 1989ರಲ್ಲಿ ಆದಿತ್ಯಂಜಿ ಮತ್ತು ಇತರರು ಭಾರತದಲ್ಲೇ ಕಂಡ ಮೂರು ಬಹುವ್ಯಕ್ತಿತ್ವ ಪ್ರಕರಣಗಳನ್ನು ವರದಿ ಮಾಡಿದರು. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಸ್ಥಾನವಿದೆ. ಹೊರಗಿನ ದೈವವೋ ಪ್ರೇತವೋ ಬಂದು ಮೈ ಹಿಡಿಯಿತು ಎಂಬ ಅನುಭವ ಒಂದು ಕಡೆ. ಒಳಗೇ ಇರುವ ಬೇರೊಬ್ಬ 'ನಾನು' ಮುಂದೆ ಬಂತು ಎಂಬ ಅನುಭವ ಇನ್ನೊಂದು ಕಡೆ. ಬಾಳಿನಲ್ಲಿ ಗೆರೆ ಅಷ್ಟು ಸ್ಪಷ್ಟವಾಗಿರುವುದಿಲ್ಲ. ತೀರಿಹೋದ ಅಜ್ಜಿಯ ಹೆಸರು ಹೇಳಿಕೊಂಡು ಬರುವ ದನಿ, ಕಾಪಾಡಲು ಹುಟ್ಟಿಕೊಂಡ ಒಳಗಿನದೇ ಒಂದು ಭಾಗವಾಗಿರಬಹುದು.

ದೇವಸ್ಥಾನಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹರಕೆ, ಪೂಜೆಯಿಂದ ಸಮಾಧಾನ ಸಿಕ್ಕರೆ ಸಿಗಲಿ, ಆಸ್ಪತ್ರೆಗೂ ಹೋಗಿ. ಬಿಡಿಸುತ್ತೇವೆಂದು ಬೇವಿನ ಬರಲಿನಿಂದ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಸರಪಳಿಯಲ್ಲಿ ಕಟ್ಟುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ದೆವ್ವ ಬಿಡಿಸುವ ನೆಪದ ಇಂಥ ಹಿಂಸೆಯನ್ನು ತಡೆಯಲೆಂದೇ ಕರ್ನಾಟಕ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧ ಕಾಯ್ದೆ ಮಾಡಿದೆ, 2020ರಿಂದ ಅದು ಜಾರಿಯಲ್ಲಿದೆ. ಕಾನೂನಿನ ಮಾತು ಹಾಗಿರಲಿ. ಹಿಂಸೆಯಿಂದಲೇ ಒಡೆದ ಮನಸ್ಸಿಗೆ ಮತ್ತೆ ಹಿಂಸೆ ಕೊಟ್ಟರೆ ಅದು ಇನ್ನಷ್ಟು ಒಡೆಯುತ್ತದೆ.

ಯಾಕೆ ಹೀಗಾಗುತ್ತದೆ

'ನಾನು ಒಬ್ಬ' ಎಂಬ ಅರಿವಿನೊಂದಿಗೆ ಯಾರೂ ಹುಟ್ಟುವುದಿಲ್ಲ. ಹಸಿದ ಮಗು, ನಗುವ ಮಗು, ಹೆದರಿದ ಮಗು ಎಂಬ ಬಿಡಿಬಿಡಿ ಸ್ಥಿತಿಗಳು ಮುದ್ದು, ಆರೈಕೆ, ಭರವಸೆಯ ನಡುವೆ ಮೊದಲ ಕೆಲವು ವರ್ಷಗಳಲ್ಲಿ ಒಂದಾಗಿ ಹೆಣೆದುಕೊಳ್ಳುತ್ತವೆ. ಕಾಪಾಡಬೇಕಾದವರೇ ನೋಯಿಸಿದರೆ ಆ ಹೆಣಿಗೆ ಕೂಡುವುದಿಲ್ಲ. ರಾತ್ರಿ ನಡೆದದ್ದನ್ನು ಬಲ್ಲ ಮಗು ಬೆಳಗ್ಗೆ ಅದೇ ಮನುಷ್ಯನ ಪಕ್ಕ ಕೂತು ತಿಂಡಿ ತಿನ್ನಬೇಕು, ಶಾಲೆಗೆ ಹೋಗಬೇಕು. ಗೊತ್ತಿದ್ದರೆ ಬದುಕಲಾಗದು. ಹಾಗಾಗಿ 'ಗೊತ್ತಿರುವವಳು' ಒಬ್ಬಳು, 'ಗೊತ್ತಿಲ್ಲದವಳು' ಇನ್ನೊಬ್ಬಳು ಆಗುತ್ತಾರೆ. ಅಮೆರಿಕ, ಕೆನಡಾ, ಯುರೋಪಿನ ಡಿಐಡಿ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 90 ಮಂದಿ ಬಾಲ್ಯದ ದೌರ್ಜನ್ಯ ಅಥವಾ ನಿರ್ಲಕ್ಷ್ಯವನ್ನು ಹೇಳಿಕೊಂಡಿದ್ದಾರೆ. ಎಲ್ಲರದೂ ಹಾಗಲ್ಲ. ಸೈಜ್‌ಮೋರ್ ತಮ್ಮ ಮನೆ ಪ್ರೀತಿಯ ಮನೆಯಾಗಿತ್ತು ಎಂದೇ ಹೇಳುತ್ತಿದ್ದರು. ತೀರ ಚಿಕ್ಕಂದಿನಲ್ಲಿ ಅವರು ಹಳ್ಳದಿಂದ ಎತ್ತಿದ ಹೆಣ, ಮರ ಕೊಯ್ಯುವ ಮಿಲ್ಲಿನಲ್ಲಿ ನಡೆದ ಭೀಕರ ಸಾವು, ಗಾಜು ಚುಚ್ಚಿ ರಕ್ತ ಸುರಿಯುತ್ತಿದ್ದ ತಾಯಿ, ಇವನ್ನು ಕಣ್ಣಾರೆ ಕಂಡಿದ್ದರು. ಆದ್ದರಿಂದ ಈ ಅನುಭವ ಹೇಳಿಕೊಂಡವರ ತಂದೆತಾಯಿಯ ಮೇಲೆ ಒಮ್ಮೆಗೇ ಬೊಟ್ಟು ಮಾಡುವುದೂ ಸಲ್ಲದು.

ವೈದ್ಯಲೋಕದಲ್ಲಿ ಇದರ ಬಗ್ಗೆ ಜಗಳವಿದೆ. ಹಲವು ವ್ಯಕ್ತಿತ್ವಗಳ ಹೆಣ್ಣೊಬ್ಬಳ ಕತೆ ಹೇಳಿದ 1973ರ 'ಸಿಬಿಲ್' ಪುಸ್ತಕದ ಅಬ್ಬರದ ನಂತರ ಅಮೆರಿಕದಲ್ಲಿ ಪ್ರಕರಣಗಳು ಒಮ್ಮೆಲೇ ಏರಿದವು. ಸಮ್ಮೋಹನ ಮಾಡಿ, ಸೂಚನೆ ಕೊಟ್ಟು ವೈದ್ಯರೇ ವ್ಯಕ್ತಿತ್ವಗಳನ್ನು ಹುಟ್ಟಿಸಿದರು ಎಂಬ ಟೀಕೆ ಬಂತು, ಅದರಲ್ಲಿ ಸತ್ಯವೂ ಇತ್ತು. ಇನ್ನೊಂದು ಕಡೆ, ಸಿಮೋನೆ ರೈಂಡರ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಐಡಿ ಇರುವವರ ಮಿದುಳಿನ ರಕ್ತಸಂಚಾರವನ್ನು, ಇದ್ದಂತೆ ನಟಿಸಿದವರದರ ಜೊತೆ ಹೋಲಿಸಿದಾಗ ಎರಡೂ ಒಂದೇ ಆಗಿರಲಿಲ್ಲ. ನಾಟಕ ಎಂದು ತಳ್ಳಿಹಾಕುವವರಿಗೆ ಇದು ಸಾಕಷ್ಟು ಉತ್ತರ ಎಂದು ನನಗನಿಸುತ್ತದೆ. ಸಮ್ಮೋಹನದಿಂದ ಹಳೆಯ ನೆನಪು ಅಗೆದು ತೆಗೆಯುತ್ತೇವೆ ಎನ್ನುವವರಿಂದ ದೂರವಿರಲು ಆ ಟೀಕೆಯೂ ಸಾಕಷ್ಟು ಕಾರಣ.

ನಿಮ್ಮಲ್ಲೇ ಅನುಮಾನ ಮೂಡಿದ್ದರೆ

ಒಂದು ನೋಟ್‌ಬುಕ್ ಇಡಿ, ಎಲ್ಲರಿಗೂ ಕೈಗೆ ಸಿಗುವ ಜಾಗದಲ್ಲಿ. ಎಲ್ಲರಿಗೂ ಎಂದರೆ ಒಳಗಿರುವ ಎಲ್ಲರಿಗೂ. ದಿನಾಂಕ, ಹೊತ್ತು, ಎಲ್ಲಿದ್ದೆ, ಯಾವುದು ನೆನಪಿಲ್ಲ, ಅದಕ್ಕೆ ತುಸು ಮೊದಲು ಏನಾಯಿತು ಎಂದು ನಾಲ್ಕು ಸಾಲು ಬರೆಯಿರಿ. ಯಾವುದೋ ವಾಸನೆ, ಬಾಗಿಲು ಬಡಿದ ಸದ್ದು, ಒಬ್ಬ ನೆಂಟನ ಭೇಟಿ, ಇಂಥದ್ದರ ನಂತರವೇ ಕಂದಕ ಬೀಳುತ್ತಿದೆಯೇ ಎಂಬುದು ಕೆಲವು ವಾರಗಳಲ್ಲಿ ಕಾಣತೊಡಗುತ್ತದೆ. ಪುಟದ ಕೊನೆಗೆ "ಬೇರೆ ಯಾರಾದರೂ ಓದುತ್ತಿದ್ದರೆ, ಏನಾದರೂ ಬರೆಯಬೇಕೆನಿಸಿದರೆ ಬರೆಯಿರಿ" ಎಂದು ಒಂದು ಸಾಲು ಬಿಡಬಹುದು. ಉತ್ತರ ಬಾರದಿದ್ದರೆ ಒತ್ತಾಯ ಬೇಡ. ಬಂದರೆ, ಅದೆಷ್ಟೇ ಸಿಟ್ಟಿನದಾಗಿದ್ದರೂ, ಹರಿದು ಹಾಕಬೇಡಿ. ಕೆಟ್ಟವರಂತೆ ಕಾಣುವ, ಬೈಯುವ, ಹೆದರಿಸುವ ಭಾಗವೇ ಬಹಳ ಸಲ ನಿಮ್ಮನ್ನು ಚಿಕ್ಕಂದಿನಲ್ಲಿ ಕಾಪಾಡಿದ್ದು. ಬಾಯಿಬಿಟ್ಟರೆ ಅಪಾಯ ಎಂದು ಅದು ಅಂದು ಕಲಿತಿದೆ, ಆ ಕಾಲ ಮುಗಿದಿದೆಯೆಂದು ಅದಕ್ಕಿನ್ನೂ ಗೊತ್ತಾಗಿಲ್ಲ.

ಒಳಗೆ ಎಷ್ಟು ಜನ ಎಂದು ಎಣಿಸಲು ಹೊರಡಬೇಡಿ. ಹೆಸರಿಲ್ಲದವರಿಗೆ ಹೆಸರಿಡಬೇಡಿ. ಮರೆತದ್ದನ್ನು ಒಬ್ಬರೇ ಕೂತು ಬಲವಂತವಾಗಿ ನೆನೆಯುವುದಂತೂ ಬೇಡವೇ ಬೇಡ. ಮರೆವು ನಿಮ್ಮ ಮನಸ್ಸು ಕಷ್ಟಪಟ್ಟು ಕಟ್ಟಿಕೊಂಡ ಒಡ್ಡು, ಅದನ್ನು ಒಮ್ಮೆಗೇ ಒಡೆದರೆ ತಡೆದುಕೊಳ್ಳುವುದು ಕಷ್ಟ. ಅದಕ್ಕಿಂತ ದಿನದ ಸುರಕ್ಷತೆ ನೋಡಿಕೊಳ್ಳಿ. ಕಂದಕಗಳು ಹೆಚ್ಚಿರುವ ದಿನಗಳಲ್ಲಿ ಗಾಡಿ ಓಡಿಸಬೇಡಿ, ಒಲೆಯ ಮೇಲೆ ಇಟ್ಟದ್ದಕ್ಕೆ ಫೋನಿನಲ್ಲಿ ಅಲಾರಂ ಇಡಿ, ಮಾತ್ರೆಗಳನ್ನು ದಿನದಿನದ ಡಬ್ಬಿಯಲ್ಲಿ ಹಾಕಿಡಿ. ಇಲ್ಲವಾದರೆ ಒಬ್ಬರು ನುಂಗಿದ್ದನ್ನು ಇನ್ನೊಬ್ಬರು ಮತ್ತೆ ನುಂಗುವ ಅಪಾಯವಿದೆ. ತೇಲಿಹೋಗುವಂತೆ ಅನಿಸಿದಾಗ ಪಾದವನ್ನು ನೆಲಕ್ಕೆ ಒತ್ತಿ, ತಣ್ಣೀರು ಮುಟ್ಟಿ, ಇವತ್ತಿನ ತಾರೀಕು, ಊರು, ನಿಮ್ಮ ವಯಸ್ಸನ್ನು ಗಟ್ಟಿಯಾಗಿ ಹೇಳಿಕೊಳ್ಳಿ. ಕೇಳಲು ಸಣ್ಣ ಉಪಾಯ, ಆದರೆ ಚಿಕಿತ್ಸಕರು ಮೊದಲು ಕಲಿಸುವುದೂ ಇದನ್ನೇ.

ಇಂಟರ್ನೆಟ್ಟಿನಲ್ಲಿ ಒಂದು ಪ್ರಶ್ನಾವಳಿ ನಿಮಗೆ ಸಿಗಬಹುದು. ಈವ್ ಬರ್ನ್‌ಸ್ಟೈನ್ ಮತ್ತು ಫ್ರಾಂಕ್ ಪಟ್ನಮ್ 1986ರಲ್ಲಿ ರೂಪಿಸಿದ, 28 ಪ್ರಶ್ನೆಗಳ ಅಳತೆಗೋಲು ಅದು. ಸರಾಸರಿ 30 ದಾಟಿದರೆ ವಿವರವಾದ ತಪಾಸಣೆ ಬೇಕು ಎಂದಷ್ಟೇ ಅರ್ಥ. ಅದನ್ನು ಕಾಯಿಲೆಯ ಪ್ರಮಾಣಪತ್ರ ಎಂದುಕೊಳ್ಳಬೇಡಿ, ಕಡಿಮೆ ಬಂದರೆ ಏನೂ ಇಲ್ಲ ಎಂದೂ ಅಲ್ಲ. ಇನ್ನು, ತಾವು ಹಲವರು, ಅದರಲ್ಲಿ ತಮಗೆ ನೋವಿಲ್ಲ, ಮರೆವಿಲ್ಲ, ಚಿಕಿತ್ಸೆಯೂ ಬೇಡ ಎನ್ನುವವರಿದ್ದಾರೆ. ಅವರ ಬಾಳು ಅವರದು. ಸಂಕಟ ಅಥವಾ ದಿನದ ಬದುಕಿಗೆ ತೊಡಕು ಇದ್ದರೆ ಮಾತ್ರ ಅದು ಕಾಯಿಲೆ ಎಂಬುದು ವೈದ್ಯಕೀಯದ ನಿಯಮವೂ ಹೌದು.

ಮನೆಯವರು ಏನು ಮಾಡಬೇಕು

ಮಗಳು ಒಂದು ಸಂಜೆ ಮೂಲೆ ಸೇರಿ, ಐದು ವರ್ಷದ ಮಗುವಿನ ದನಿಯಲ್ಲಿ "ಅಪ್ಪ ಬಂದ್ರಾ?" ಎಂದು ನಡುಗುತ್ತಾಳೆ ಎಂದುಕೊಳ್ಳಿ. "ನಾಟಕ ಸಾಕು, ಏಳು" ಎಂದು ಎಬ್ಬಿಸಬೇಡಿ. "ಯಾರೇ ನೀನು? ಹೆಸರು ಹೇಳು" ಎಂದು ಮಂತ್ರವಾದಿಯ ಹಾಗೆ ಗದರಿಸಲೂಬೇಡಿ. ತುಸು ದೂರದಲ್ಲಿ, ಅವಳ ಕಣ್ಣಿನ ಮಟ್ಟಕ್ಕೆ ಕೂತು, "ಇಲ್ಲಿ ಯಾರೂ ನಿನ್ನನ್ನ ಏನೂ ಮಾಡಲ್ಲ ಪುಟ್ಟಾ. ಇದು ನಮ್ಮ ಮನೆ, ಅಮ್ಮ ಪಕ್ಕದಲ್ಲೇ ಇದ್ದೀನಿ, ಬಾಗಿಲು ತೆರೆದೇ ಇದೆ" ಎನ್ನಿ. ಮುಟ್ಟುವ ಮುನ್ನ ಕೇಳಿ. ಆಮೇಲೆ ಅವಳು ಎಂದಿನಂತಾದಾಗ ನಡೆದದ್ದನ್ನು ಮುಚ್ಚಿಡದೆ, ಬಣ್ಣ ಕಟ್ಟದೆ ತಿಳಿಸಿ. "ನಮಗೆ ನೀನೇ ಬೇಕು, ಆ ಇನ್ನೊಬ್ಬಳು ಬೇಡ" ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ, ಆದರೆ ಆ ಇನ್ನೊಬ್ಬಳೂ ಅದನ್ನು ಕೇಳಿಸಿಕೊಳ್ಳುತ್ತಿರುತ್ತಾಳೆ. ಒಬ್ಬರು ಕೊಟ್ಟ ಮಾತನ್ನು ಇನ್ನೊಬ್ಬರು ಮುರಿದಾಗ ಸಿಟ್ಟು ಬರುವುದು ಸಹಜ. ಇಡೀ ವ್ಯಕ್ತಿ ತನ್ನ ಎಲ್ಲ ನಡತೆಗೂ ಜವಾಬ್ದಾರಿ ಎಂಬುದನ್ನು ಚಿಕಿತ್ಸಕರೂ ಹೇಳುತ್ತಾರೆ. ಲೆಕ್ಕ ಕೇಳಿ, ಆದರೆ ಸುಳ್ಳುಗಾರಳೆಂದು ಕರೆಯಬೇಡಿ.

ಒಂದು ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಚಿಕಿತ್ಸೆಗೆ ಬರುವ ಡಿಐಡಿ ಹೊರರೋಗಿಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಒಮ್ಮೆಯಾದರೂ ಆತ್ಮಹತ್ಯೆಗೆ ಪ್ರಯತ್ನಿಸಿದವರು. ಒಳಗಿನ ಯಾರೋ ಒಬ್ಬರು "ಅವಳನ್ನು ಮುಗಿಸುತ್ತೇನೆ" ಎಂದರೂ ಅದು ಆ ಒಂದೇ ದೇಹದ ಸಾವಿನ ಮಾತು. ಕೀಟನಾಶಕ, ಮಾತ್ರೆಗಳನ್ನು ಬೀಗದೊಳಗಿಟ್ಟು, ಅವರನ್ನು ಒಬ್ಬರೇ ಬಿಡದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ವೈದ್ಯರ ಬಳಿ

ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ, ದಿನದ ಯಾವ ಹೊತ್ತಿಗೂ, ಹಣವಿಲ್ಲದೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಕೇಂದ್ರ ಸ್ಥಾನದಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳು ಇವೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಹೋಗುವ ಮುನ್ನ ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. ಮೊದಲ ಭೇಟಿಯಲ್ಲಿ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, "ನನಗೆ ಡಿಐಡಿ ಇದೆ" ಎಂದು ವಾದಿಸುವುದೂ ಬೇಡ. ನೋಟ್‌ಬುಕ್ ತೋರಿಸಿ. "ಹೊತ್ತು ಕಳೆದುಹೋಗುತ್ತದೆ, ತಲೆಯೊಳಗೆ ಮಾತಾಡುವವರಿದ್ದಾರೆ, ಮಾಡಿದ ನೆನಪಿಲ್ಲದ ಕೆಲಸಗಳಿವೆ" ಎಂದು ನೇರವಾಗಿ ಹೇಳಿ. ಸರಿಯಾದ ನಿರ್ಣಯ ಸಿಗಲು ಚಿಕಿತ್ಸೆಯಲ್ಲಿದ್ದೂ 5ರಿಂದ 12 ವರ್ಷ ಹಿಡಿದದ್ದು ಪಶ್ಚಿಮದ ದೇಶಗಳ ಅಧ್ಯಯನಗಳಲ್ಲಿ ದಾಖಲಾಗಿದೆ. ಇದಕ್ಕೆ ಒಂದು ಕಾರಣ, ವೈದ್ಯರು ಮರೆವಿನ ಬಗ್ಗೆ ಕೇಳುವುದಿಲ್ಲ, ರೋಗಿ ನಾಚಿಕೆಯಿಂದ ಹೇಳುವುದಿಲ್ಲ.

ಡಿಐಡಿಗೆಂದೇ ಇರುವ ಮಾತ್ರೆ ಇಲ್ಲ. ಖಿನ್ನತೆ, ಆತಂಕ, ನಿದ್ರೆಗೆ ಕೊಡುವ ಔಷಧಿಗಳು ಜೊತೆಗಿನ ಸಂಕಟವನ್ನು ತಗ್ಗಿಸುತ್ತವೆ. ಮುಖ್ಯ ಚಿಕಿತ್ಸೆ ಮಾತಿನದು, ವರ್ಷಗಳಷ್ಟು ದೀರ್ಘ. ಮೊದಲು ಸುರಕ್ಷತೆ ಮತ್ತು ದಿನಚರಿಯ ನೆಲೆ, ಅದು ಗಟ್ಟಿಯಾದ ಮೇಲಷ್ಟೇ ಹಳೆಯ ಗಾಯದ ಮಾತು, ಕೊನೆಗೆ ಮುಂದಿನ ಬದುಕಿನ ಕಟ್ಟೋಣ. 'ಆಪ್ತಮಿತ್ರ' ಸಿನಿಮಾದಲ್ಲಿ ಗಂಗಾಳ ಮೈದುಂಬುವ ನಾಗವಲ್ಲಿಗೆ ಸೇಡು ತೀರಿತೆಂಬ ಭ್ರಮೆ ಹುಟ್ಟಿಸಿ ಅವಳನ್ನು ಕಳಿಸಿಕೊಡುತ್ತಾರೆ, ಗಂಗಾ ಒಂದೇ ರಾತ್ರಿಯಲ್ಲಿ ಸರಿಹೋಗುತ್ತಾಳೆ. ಗಂಗಾಳಾಗಿ ಸೌಂದರ್ಯ ಅವರ ಅಭಿನಯ ಮರೆಯಲಾಗದ್ದು, ಆದರೆ ನಿಜವಾದ ಚಿಕಿತ್ಸೆ ಹಾಗಿರುವುದಿಲ್ಲ. ಇಲ್ಲಿ ಯಾರನ್ನೂ ಓಡಿಸುವುದಿಲ್ಲ, ಕೊಲ್ಲುವುದಿಲ್ಲ. ಮುನಿಸಿಕೊಂಡ ಕೂಡುಕುಟುಂಬವನ್ನು ಮತ್ತೆ ಒಂದೇ ಪಂಕ್ತಿಗೆ ಕೂರಿಸುವ ಹಾಗೆ, ಒಬ್ಬೊಬ್ಬರ ದೂರನ್ನೂ ಕೇಳಿ, ಒಬ್ಬರ ನೆನಪು ಇನ್ನೊಬ್ಬರಿಗೆ ತಲುಪುವಂತೆ ಮಾಡುವ ಕೆಲಸ ಅದು. ಕೆಲವರು ಸೈಜ್‌ಮೋರ್ ಅವರಂತೆ ಕೊನೆಗೆ ಒಬ್ಬರಾಗುತ್ತಾರೆ. ಕೆಲವರು ಹಲವರಾಗಿಯೇ ಉಳಿದು, ಮರೆವಿಲ್ಲದೆ, ಹೊಂದಿಕೊಂಡು ನೌಕರಿ, ಸಂಸಾರ ನಡೆಸುತ್ತಾರೆ. ಎರಡನೆಯದನ್ನು ಸೋಲು ಎನ್ನಬೇಕಿಲ್ಲ.

ಕಾನೂನು ಕೊಟ್ಟ ಒಂದು ಸೌಲಭ್ಯ ಇಲ್ಲಿ ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತನಗೆ ನಿರ್ಧಾರ ಮಾಡಲು ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ವ್ಯಕ್ತಿ ಮೊದಲೇ ಬರೆದಿಡಬಹುದು. ನಾಳೆ ಯಾರು ಎಚ್ಚರವಿರುತ್ತಾರೋ ತಿಳಿಯದವರಿಗೆ, ಒಳಗಿನವರೆಲ್ಲ ಒಪ್ಪಿದ ಇಂಥದೊಂದು ಬರಹ ದೊಡ್ಡ ಆಸರೆ. ನೀವು ಹೇಳಿದ್ದನ್ನು ಗುಟ್ಟಾಗಿಡುವುದೂ ವೈದ್ಯರ ಮೇಲೆ ಅದೇ ಕಾಯ್ದೆ ಹೊರಿಸಿದ ಹೊಣೆ.

ಮನೆಯಲ್ಲಿ ಮಕ್ಕಳಿದ್ದರೆ

ನಾಲ್ಕೈದು ವರ್ಷದ ಮಗು ಕಾಣದ ಗೆಳೆಯನೊಡನೆ ಆಡಿಕೊಂಡಿದ್ದರೆ ಆಡಲಿ, ಅದು ಕಲ್ಪನೆಯ ಸಹಜ ಬೆಳವಣಿಗೆ. ಆ ಗೆಳೆಯ ತನಗೆ ಹೀಗೆ ಮಾಡು ಎಂದು ಬಲವಂತ ಮಾಡುತ್ತಾನೆ ಎಂದು ಮಗು ಹೆದರಿದರೆ ಗಮನಿಸಿ. ಕಣ್ಣೆದುರೇ ಮಾಡಿದ ತಪ್ಪನ್ನು ಸುಳ್ಳಿನ ಸುಳಿವಿಲ್ಲದೆ "ನಾನಲ್ಲ" ಎಂದು ಅಳುವುದು, ಪಾಠದ ನಡುವೆ ಕರೆದರೂ ಕೇಳದಂತೆ ಶೂನ್ಯದತ್ತ ನೋಡುತ್ತ ಕೂರುವುದು, ಕಲಿತದ್ದನ್ನು ಇಂದು ಬಲ್ಲದು, ನಾಳೆ ಪೂರ್ತಿ ಅರಿಯದು ಎಂಬಂತಿರುವುದು ಕೂಡ ಗಮನಿಸಬೇಕಾದ ಸಂಗತಿಗಳೇ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಅಪಸ್ಮಾರ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಜೊತೆಗೆ, ಮಗುವಿಗೆ ಯಾರಾದರೂ ಕೇಡು ಮಾಡುತ್ತಿದ್ದಾರೆಯೇ ಎಂದು ಸಮಾಧಾನದಿಂದ, ಒತ್ತಾಯವಿಲ್ಲದೆ ಕೇಳಿ. ಹೌದು ಎಂದರೆ ನಂಬಿ, ಆ ವ್ಯಕ್ತಿ ಯಾರೇ ಆಗಿರಲಿ ಮಗುವನ್ನು ಅವರಿಂದ ದೂರವಿಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಗೊತ್ತಾದ ಪ್ರತಿಯೊಬ್ಬರ ಕರ್ತವ್ಯ. ಇಷ್ಟು ಸಣ್ಣ ವಯಸ್ಸಿನಲ್ಲೇ ಕೇಡು ನಿಂತು ಆಸರೆ ಸಿಕ್ಕರೆ, ದೊಡ್ಡವರಿಗೆ ವರ್ಷಗಟ್ಟಲೆ ಹಿಡಿಯುವ ಚಿಕಿತ್ಸೆ ಮಕ್ಕಳಿಗೆ ಎಷ್ಟೋ ಬೇಗ ಮುಗಿಯುತ್ತದೆ.